ಹೂವಿಗಿಂತ ಕೊಯ್ಲೇ ಚೆಂದ

ಹಿಮಾಚಲದ ಕೋಟಗಢ, ಥಾಣೇದಾರ್ ಕಡೆಯ ಸೇಬಿನ ತೋಟ ನೋಡಲು ನಿಮ್ಮ ಲೇಖನದಲ್ಲಿ ಏಪ್ರಿಲ್ ಹೂವಿನ ಕಾಲವೇ ಸರಿ ಅಂತ ಬರೆದಿದ್ದೀರಿ. ಹೂವು ಚೆಂದ, ಒಪ್ಪಿದೆ. ಆದರೆ ನನ್ನ ಓಟು ಆಗಸ್ಟ್ ಕೊಯ್ಲಿಗೆ. ನಾವು ಹೋದಾಗ ತೋಟದ ಯಜಮಾನರು ಹಣ್ಣು ಕೀಳೋದು ಹೇಗೆ ಅಂತ ತೋರಿಸಿದರು: ಜಗ್ಗಬಾರದು, ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತುಸು ತಿರುವಬೇಕು, ತೊಟ್ಟು ಹಣ್ಣಿನ ಜೊತೆಗೇ ಬರಬೇಕು. ನಾನು ಜಗ್ಗಿದೆ ನೋಡಿ, ಪಕ್ಕದ ಮೊಗ್ಗಿನ ಸಮೇತ ಗಿಡ್ಡ ಕಡ್ಡಿಯೊಂದು ಕಿತ್ತು ಕೈಗೆ ಬಂತು. "ಮುಂದಿನ ವರ್ಷದ ಹಣ್ಣನ್ನೂ ಈಗಲೇ ಕಿತ್ರಲ್ಲ!" ಅಂತ ನಕ್ಕರು. ಕೆಂಪು ಡೆಲಿಷಿಯಸ್ ತಳಿಯ ಮರಗಳ ಮಧ್ಯೆ ಅಲ್ಲಲ್ಲಿ ಹಳದಿ ಹಣ್ಣಿನ ಗೋಲ್ಡನ್ ತಳಿ ನೆಟ್ಟಿರೋದು ಅಂದಕ್ಕಲ್ಲವಂತೆ. ಕೆಂಪಿನದು ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟೋದಿಲ್ಲ, ಅದಕ್ಕೇ ಹಳದಿಯದರ ಪರಾಗ ಬೇಕು.

ಒಂದು ಕೊರತೆ ಹೇಳಲೇಬೇಕು. 1916ರಲ್ಲಿ ಅಮೆರಿಕದಿಂದ ಈ ಕೆಂಪು ಡೆಲಿಷಿಯಸ್ ತಳಿಯ ಸಸಿ ತರಿಸಿ ಅಲ್ಲಿ ನೆಟ್ಟ ಸ್ಯಾಮ್ಯುಯಲ್ ಸ್ಟೋಕ್ಸ್ ಹೆಸರೇ ಲೇಖನದಲ್ಲಿಲ್ಲ! ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ, ಆಮೇಲೆ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡ ಮನುಷ್ಯ ಅವರು.

ಕೊಯ್ಲಿಗೆ ಹೋಗೋರಿಗೆ ಒಂದು ಮಾತು: ಅದು ಮಳೆಗಾಲ, ಗುಡ್ಡ ಕುಸಿದು ರಸ್ತೆ ಮುಚ್ಚೋದು ಇದ್ದದ್ದೇ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.