ಡಿಸೈನರ್‌ಗೆ ಮೀಟಿಂಗ್‌ನಲ್ಲಿ ಕುರ್ಚಿ ಸಿಕ್ಕಿತು, ಆಮೇಲೆ?

ಪ್ರಾಡಕ್ಟ್ ಡಿಸೈನ್, ಅಂದರೆ ಜನ ಬಳಸುವ ವಸ್ತು, ಆ್ಯಪ್‌ಗಳಿಗೆ ರೂಪ ಕೊಡುವ ಕೆಲಸ, ಓದುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗೆಲ್ಲ ಈಗ ಒಂದೇ ಪ್ರಶ್ನೆ. "ಎಐ ಬಂದ ಮೇಲೆ ನಮಗೆ ಕೆಲಸ ಇರುತ್ತಾ ಸರ್?" ಬರೀ ಆ್ಯಪ್‌ನ ಸ್ಕ್ರೀನ್ ಬಿಡಿಸುವ ಕೆಲಸದ ಮಟ್ಟಿಗೆ ಅವರ ಭಯ ನಿಜ. ನಾಲ್ಕು ಸಾಲು ಬರೆದುಕೊಟ್ಟರೆ ಲಾಗಿನ್ ಪುಟ ನಿಮಿಷದಲ್ಲಿ ರೆಡಿ. ಆದರೆ ಡಿಸೈನ್ ಅಂದರೆ ಇಷ್ಟೇ ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ನನಗೆ ಅದೇ ಜಾಸ್ತಿ ಬೇಜಾರು.

ನಮ್ಮ ಮತಯಂತ್ರವನ್ನೇ ನೋಡಿ. ಅದಕ್ಕೆ ರೂಪ ಕೊಟ್ಟವರು ಬಾಂಬೆ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನ ಮೇಷ್ಟ್ರುಗಳು. ತಯಾರಿಸುವುದು ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಗಳು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಸಲ ಮತಯಂತ್ರ ಬಳಸಿದರು. ಮುಂದಿನ ಸಲ ಮತ ಹಾಕುವಾಗ ಅರ್ಧ ನಿಮಿಷ ನಿಂತು ಗಮನಿಸಿ. ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಚಿಹ್ನೆ, ಅದೇ ಸಾಲಿನಲ್ಲಿ ನೀಲಿ ಗುಂಡಿ. ಒತ್ತಿದ ಕೂಡಲೇ ಅಲ್ಲೇ ಕೆಂಪು ದೀಪ, ಜೊತೆಗೊಂದು ಬೀಪ್ ಸದ್ದು. ಕಣ್ಣು ಕಾಣದವರಿಗೆ ಬ್ರೈಲ್ ಅಂಕಿ. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಇಲ್ಲದ ಊರಲ್ಲೂ ಮತದಾನ ನಿಲ್ಲುವುದಿಲ್ಲ. ಓದು ಬಾರದ ಅಜ್ಜಿ ಯಾರನ್ನೂ ಕೇಳದೆ ತನ್ನ ಮತವನ್ನು ಗುಟ್ಟಾಗಿ ಹಾಕಿ ಬರುತ್ತಾಳೆ. ಇದಕ್ಕಿಂತ ದೊಡ್ಡ ಕನಸು ಡಿಸೈನರ್ ಒಬ್ಬ ಏನು ಕಾಣಬೇಕು ಹೇಳಿ?

ಈಚಿನದು ಬೇಕಾದರೆ ಸೌಂಡ್‌ಬಾಕ್ಸ್ ಇದೆ. ತರಕಾರಿ ತೂಗುತ್ತಿರುವವರ ಕೈ ಒದ್ದೆ. ಫೋನ್ ಎಲ್ಲೋ ಚೀಲದಲ್ಲಿ. ಎದುರು ನಾಲ್ಕು ಜನ ಗಿರಾಕಿಗಳು, ಅದರಲ್ಲೊಬ್ಬರು "ಹಾಕಿದೀನಿ ನೋಡಿ" ಅಂತ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಅದು ಅಸಲಿಯೋ ನಕಲಿಯೋ ಯಾರಿಗೆ ಗೊತ್ತು? ಆಗ ಆ ಪುಟ್ಟ ಡಬ್ಬಿ ಬಂದ ಹಣವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಅದರಲ್ಲಿ ನೋಡಲು ಸ್ಕ್ರೀನೇ ಬೇಕಿಲ್ಲ. ಅಂಗಡಿಯ ಮುಂದೆ ನಿಂತು ನೋಡದೆ ಇಂಥದ್ದು ಹೊಳೆಯುವುದಿಲ್ಲ.

ಮೊದಲೆಲ್ಲ ಎಂಜಿನಿಯರುಗಳು ಎಲ್ಲ ಮುಗಿಸಿದ ಮೇಲೆ ಮೇಲಿನ ಕವಚ ಚೆಂದ ಮಾಡಿಕೊಡಿ ಅಂತ ಡಿಸೈನರ್‌ನನ್ನು ಕರೆಯುತ್ತಿದ್ದರು. ಈಗ ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಏನು ಮಾಡಬೇಕು ಅನ್ನುವ ಮೊದಲ ಮೀಟಿಂಗ್‌ನಲ್ಲೇ ನಮಗೆ ಕುರ್ಚಿ ಇದೆ. ಹಿಂದಿನವರು ಪಟ್ಟು ಹಿಡಿದಿದ್ದಕ್ಕೆ ಸಿಕ್ಕ ಜಾಗ ಅದು. ಅಲ್ಲಿ ಕೂತು ನಾವು ಏನು ಮಾತಾಡುತ್ತಿದ್ದೇವೆ? ಜನ ಆ್ಯಪ್ ಬಿಟ್ಟು ಹೋಗದಂತೆ ಹೇಗೆ ಹಿಡಿದಿಡುವುದು, ಚಂದಾ ರದ್ದು ಮಾಡುವ ಬಟನ್ ಎಷ್ಟು ಒಳಗೆ ಇಡುವುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಗಳ ದಾರಿ ತಪ್ಪಿಸುವ ಡಿಸೈನ್, ತಡೆಯಲು ಮಾರ್ಗಸೂಚಿ ತಂದಿತು. ಅದರಲ್ಲಿ 13 ಬಗೆಯ ಮೋಸದ ಪಟ್ಟಿ ಇದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಕೊನೇ ಹೆಜ್ಜೆಯಲ್ಲಿ ಬೆಲೆ ಏರಿಸುವುದು, ಹೀಗೆ. ಒಂದೊಂದನ್ನೂ ಯಾರೋ ಡಿಸೈನರ್ ಕೂತು ಬಿಡಿಸಿದ್ದಾರೆ. ಟಾರ್ಗೆಟ್ ಮೇಲಿಂದ ಬರುತ್ತೆ, ಸಂಬಳ ಬೇಕು, ನಿಜ. ಆದರೂ "ಇದನ್ನು ನಾನು ಮಾಡಲ್ಲ" ಅನ್ನಲು ಆಗದಿದ್ದರೆ ಆ ಕುರ್ಚಿ ಯಾಕೆ?

ಮಕ್ಕಳಿಗೆ ನಾನು ಹೇಳುವುದು ಇಷ್ಟು. ಸ್ಕ್ರೀನನ್ನು ಎಐ ಬಿಡಿಸಿಕೊಡಲಿ, ಒಳ್ಳೆಯದೇ ಆಯಿತು. ಉಳಿದ ಹೊತ್ತಿನಲ್ಲಿ ಹೊರಗೆ ಹೋಗಿ. ಕೆಲಸ ರಾಶಿ ಬಿದ್ದಿದೆ. ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಬಿಪಿಯದೂ ಶುಗರಿನದೂ ಒಂದೇ ಥರದ ಸ್ಟ್ರಿಪ್. ಎಕ್ಸ್‌ಪೈರಿ ತಾರೀಖನ್ನು ಹೊಳೆಯುವ ಹಾಳೆಯ ಅಂಚಿಗೆ ಒತ್ತಿರುತ್ತಾರೆ, ಬೆಳಕಿಗೆ ಓರೆ ಹಿಡಿದರೂ ಓದಲಾಗದು. ಮೆಡಿಕಲ್ ಶಾಪ್‌ನವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಎಷ್ಟೋ ಸಲ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಎಪ್ಪತ್ತು ದಾಟಿದವರು ರಾತ್ರಿ ಕನ್ನಡಕ ಹುಡುಕಿಕೊಂಡು ಇದನ್ನು ಬಿಡಿಸಿ ನುಂಗಬೇಕು. ಯಾರಾದರೂ ಇದರ ಮೇಲೆ ಕೆಲಸ ಶುರು ಮಾಡಿದ್ದರೆ ಮೆಸೇಜ್ ಮಾಡಿ. ಶನಿವಾರ ಭಾನುವಾರ ನಾನೂ ಬಂದು ಕೂರುತ್ತೇನೆ.