ಕಪ್ಪೆ ನೋಡಿದರೆ ಸಂಬಳವಂತೆ

ಚೌತಿಗೆ ನಾಲ್ಕು ದಿನ ಮೊದಲೇ ಸಿದ್ದಾಪುರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಅವತ್ತು ಚಕ್ಕುಲಿ ಕಂಬಳ. ಅಕ್ಕಪಕ್ಕದ ಮನೆಯವರೆಲ್ಲ ಜಗಲಿಯಲ್ಲಿ ಕೂತು ಕೈಯಲ್ಲೇ ಚಕ್ಕುಲಿ ಸುತ್ತುತ್ತಿದ್ದರು. ನಾನು ಸುತ್ತಿದ್ದು ಎರೆಹುಳದ ಹಾಗೆ ಕಾಣುತ್ತಿತ್ತು. ಆಯಿ ನನ್ನನ್ನು ಎಬ್ಬಿಸಿ ಓಡಿಸಿದಳು. ಫೋನ್ ಹಿಡಿದು ಕೊಟ್ಟಿಗೆಗೆ ಹೋದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ದನಗಳಿಗೆ ಮಾತ್ರ.

ಬಸ್ ಟಿಕೆಟಿನ ರೀಫಂಡ್ ಮೇಲ್ ಹುಡುಕುತ್ತ ಸ್ಪ್ಯಾಮ್ ತೆರೆದೆ. ಎರಡು ಸಾಲದ ಆಫರ್, ಒಂದು ಲಾಟರಿ, ಇವುಗಳ ಮಧ್ಯೆ ಅದು ಕೂತಿತ್ತು. ‘ಅಭಿನಂದನೆಗಳು. ನೀವು ಆಯ್ಕೆಯಾಗಿದ್ದೀರಿ.’ ಹಿಂದಿನ ವರ್ಷ ಪಿಎಚ್‌ಡಿಗೆ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ತೊದಲಿ, ವೇಟಿಂಗ್ ಲಿಸ್ಟಿನ ಬುಡಕ್ಕೆ ಬಿದ್ದು, ಮರೆತೂಬಿಟ್ಟಿದ್ದೆ. ಮೇಲಿದ್ದವರೆಲ್ಲ ಎಲ್ಲೆಲ್ಲಿಗೋ ಹೋಗಿರಬೇಕು. ಒಪ್ಪಿಗೆ ಕೊಡಲು ಏಳು ದಿನದ ಗಡುವು. ಅದರಲ್ಲಿ ಆರು ಸ್ಪ್ಯಾಮಿನಲ್ಲೇ ಕಳೆದಿದ್ದವು.

ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಬಾಡಿಗೆ ಭತ್ಯೆ ಬೇರೆ. ಕೆಲಸ ಏನೆಂದರೆ ಕುಂಬಾರ ಕಪ್ಪೆಯ ಬೆನ್ನು ಹತ್ತುವುದು. 2014ರಲ್ಲಷ್ಟೇ ವಿಜ್ಞಾನಿಗಳು ಹೆಸರಿಟ್ಟ ಕಪ್ಪೆ ಅದು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಮಿಕ್ಕ ಕೆಲಸ ಗಂಡಿನದು. ಹಳ್ಳದ ಕೆಸರನ್ನು ಮುಂಗಾಲಲ್ಲಿ ಬಾಚಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇದು ಸಿಗುವುದು ಎಲ್ಲಿ? ನಮ್ಮದೇ ತಾಲೂಕಿನ ಕತ್ತಲೆಕಾನಿನಲ್ಲಿ. ಅಂದರೆ ಬೆಂಗಳೂರಿಗೆ ಹೋಗಿ ಹೆಸರು ಬರೆಸಿ, ಗೈಡ್ ಕೈಯಲ್ಲಿ ಸಹಿ ಹಾಕಿಸಿ, ತಿರುಗಿ ನಮ್ಮೂರ ಹಳ್ಳಕ್ಕೇ ಬರುವುದು.

ಬೇಡ ಅನ್ನಲೂ ಕಾರಣವಿತ್ತು. ಒಂದು ಕೋಚಿಂಗ್ ಕಂಪನಿಯಲ್ಲಿ ಪ್ರಶ್ನೆಗಳ ತಪ್ಪು ತಿದ್ದುವ ಕೆಲಸ ನನ್ನದು, ಸಂಬಳ 45,000. ಕಪ್ಪೆಯ ಹೃದಯದಲ್ಲಿ ಮೂರು ಕೋಣೆ ಎಂದು ನಾನೂರು ಸಲವಾದರೂ ಟಿಕ್ ಹಾಕಿದ್ದೇನೆ. ನಿಜವಾದ ಕಪ್ಪೆಯನ್ನು ಮುಟ್ಟಿ ನಾಲ್ಕು ವರ್ಷವಾಗಿತ್ತು.

ಜಗಲಿಗೆ ಬಂದು ವಿಷಯ ಹೇಳಿದೆ. ಹೇಳಬಾರದಿತ್ತು. ‘ಎಷ್ಟು ವರ್ಷ?’ ಎಂದರು ಅತ್ತೆ. ಹೆಚ್ಚೆಂದರೆ ಆರು ಎಂದೆ. ‘ಅಷ್ಟರಲ್ಲಿ ಅಡಿಕೆ ಸಸಿ ನೆಟ್ಟರೆ ಫಸಲಿಗೆ ಬರ್ತದೆ.’ ಪಕ್ಕದ ಮನೆಯ ದೊಡ್ಡಮ್ಮನಿಗೆ ಬೇರೆಯೇ ಚಿಂತೆ. ‘ಕಪ್ಪೆ ನೋಡುವವಳು ಅಂತ ಗಂಡಿನ ಕಡೆಯವರಿಗೆ ಹೇಗೆ ಹೇಳೋದು?’ ಗಂಡು ಕಪ್ಪೆ ಮನೆಗೆಲಸ ಮಾಡುತ್ತದೆ ಎಂದು ವಿವರಿಸಿದೆ. ಹೆಂಗಸರೆಲ್ಲ ಚಕ್ಕುಲಿ ನಿಲ್ಲಿಸಿ ಕೇಳಿದರು. ಮತ ಸ್ವಲ್ಪ ನನ್ನ ಕಡೆ ವಾಲಿತು.

ಅಪ್ಪ ಕೇಳಿದ್ದು ಒಂದೇ ಮಾತು. ‘ಆಧಾರ್ ಕೇಳಿದಾರಾ?’

ಕೇಳಿದ್ದರು. ಪಾಸ್‌ಬುಕ್ಕಿನ ಮೊದಲ ಪುಟ, ಕ್ಯಾನ್ಸಲ್ ಮಾಡಿದ ಚೆಕ್, ಎಲ್ಲ ಕೇಳಿದ್ದರು.

‘ಓದೋಕೆ ದುಡ್ಡು ನಾವು ಕೊಡಬೇಕು. ಅವರೇ ಕೊಡ್ತಾರೆ ಅಂದರೆ ಮೋಸ.’ ಎಂಎಸ್ಸಿ ಫೀಸು ಕಟ್ಟಿದವರು ಅವರೇ, ಅನುಭವದ ಮಾತು.

ನಾನು ಮತ್ತೆ ಕೊಟ್ಟಿಗೆಗೆ ಹೋಗಿ ‘ಕ್ಷಮಿಸಿ, ಈಗ ಸಾಧ್ಯವಾಗುತ್ತಿಲ್ಲ’ ಎಂದು ಮೇಲ್ ಬರೆಯತೊಡಗಿದೆ. ಅಷ್ಟರಲ್ಲಿ ಒಳಗೆ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಅಪ್ಪನ ದನಿ ತೋಟದ ತನಕ ಕೇಳುತ್ತದೆ.

‘ಹೌದು, ನನ್ನ ಮಗಳೇ. ಏನು ಅರ್ಜೆಂಟು? ಅರೆಸ್ಟ್ ಮಾಡಿದೀರಾ? ಮಾಡಿ ಮಾಡಿ. ಊಟ ಮಾತ್ರ ಸರಿಯಾಗಿ ಹಾಕಿ, ಸೊಪ್ಪಿನ ಪಲ್ಯ ತಿನ್ನೋದಿಲ್ಲ ಅವಳು. ನಾನು ಈಗಲೇ ಸೈಬರ್ ಪೊಲೀಸರ 1930ಕ್ಕೆ ಫೋನ್ ಮಾಡ್ತೀನಿ!’

ಫೋನಿನಲ್ಲೇ ಅರೆಸ್ಟ್ ಎಂದು ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟಿನ ಸುದ್ದಿ ಪೇಪರಿನಲ್ಲಿ ಬಂದರೆ ಅಪ್ಪ ಎರಡೆರಡು ಸಲ ಓದುತ್ತಾರೆ. ರಿಸೀವರ್ ಇಟ್ಟು ಹೊರಬಂದಾಗ ಅವರ ಮುಖದಲ್ಲಿ ಗೆದ್ದ ಕಳೆ. ‘ಪ್ರೊಫೆಸರ್ ಅಂತೆ! ಎಷ್ಟು ನಯವಾಗಿ ಮಾತಾಡ್ತಾನೆ ಗೊತ್ತಾ ಕಳ್ಳ.’

ಅರ್ಜಿಯಲ್ಲಿ ಎರಡನೇ ನಂಬರ್ ಎಂದು ಮನೆಯದ್ದನ್ನು ಕೊಟ್ಟವಳು ನಾನೇ. ಮೇಲ್‌ಗೆ ಉತ್ತರ ಬರಲಿಲ್ಲವೆಂದು ಪಾಪ, ಅವರೇ ಫೋನ್ ಮಾಡಿದ್ದರು. ಎಮ್ಮೆಯ ಬಾಲದ ಏಟು ತಿನ್ನುತ್ತ ಅವರಿಗೆ ಫೋನ್ ಹಚ್ಚಿದೆ. ‘ಸರ್, ತಪ್ಪಾಯಿತು, ನಮ್ಮ ಅಪ್ಪ...’ ಎಂದು ಶುರು ಮಾಡಿದರೆ ಆ ಕಡೆ ಜೋರು ನಗು. ‘ನಮ್ಮ ಮೆಸ್ಸಲ್ಲಿ ವಾರಕ್ಕೆ ಮೂರು ದಿನ ಸೊಪ್ಪೇ ಇರುತ್ತಮ್ಮಾ. ಪರವಾಗಿಲ್ವಾ?’

ಬೇಡ ಎನ್ನುವ ಮೇಲ್ ಇನ್ನೂ ಫೋನಿನಲ್ಲೇ ಅರ್ಧ ಬರೆದು ನಿಂತಿತ್ತು. ಆದರೆ ಒಬ್ಬರನ್ನು ಕಳ್ಳ ಅನ್ನಿಸಿ, ಐದೇ ನಿಮಿಷಕ್ಕೆ ನಿಮ್ಮ ಸೀಟೂ ಬೇಡ ಅನ್ನಲು ಬಾಯಿ ಬರುತ್ತದಾ? ‘ಪರವಾಗಿಲ್ಲ ಸರ್, ಬರ್ತೀನಿ’ ಎಂದುಬಿಟ್ಟೆ.

ರಾತ್ರಿ ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ‘ಚೆಕ್ ಕ್ಯಾನ್ಸಲ್ ಮಾಡಿದರೆ ದುಡ್ಡು ಹೇಗೆ ಬರ್ತದೆ?’ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕಡೆಗೆ ಗೆರೆ ತಾವೇ ಎಳೆಯುತ್ತೇನೆಂದು ಪೆನ್ನು ಕಸಿದುಕೊಂಡರು. ಯಾರೂ ದುಡ್ಡು ತೆಗೆಯಲೇಬಾರದು ಎಂದು ಒತ್ತಿ ಎಳೆದ ರಭಸಕ್ಕೆ ಚೆಕ್ ಎರಡು ತುಂಡಾಯಿತು. ಎರಡನೆಯದಕ್ಕೆ ನಾನೇ ಗೆರೆ ಎಳೆದೆ. ಅದರ ಮೂಲೆಯಲ್ಲಿ ಆಯಿಯ ಹೆಬ್ಬೆರಳಿನ ಚಕ್ಕುಲಿ ಎಣ್ಣೆ ಇದೆ. ಸ್ಕ್ಯಾನಿನಲ್ಲೂ ಚೆನ್ನಾಗಿ ಕಾಣುತ್ತದೆ.