ಇದೂ ಒಂದು ಕಲೆಯಾ ಮಾರಾಯ?

ಕಳೆದ ಭಾನುವಾರ ಬೆಂಗಳೂರಿನ ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಕೊನೆಗೂ ಹೋಗಿ ಬಂದೆ. ಮಾಣಿಕ್ಯವೇಲು ಬಂಗಲೆಯಲ್ಲಿ ಅದು ತೆರೆದದ್ದು 2009ರಲ್ಲಿ. ಆಸ್ಪತ್ರೆ, ಮದುವೆ, ಗೃಹಪ್ರವೇಶಗಳಿಗೆಂದು ತೀರ್ಥಹಳ್ಳಿಯಿಂದ ನೂರು ಸಲ ಆ ಊರಿಗೆ ಹೋಗಿದ್ದರೂ ಆ ಗೇಟು ದಾಟಲು ನನಗೆ ಇಷ್ಟು ವರ್ಷ ಬೇಕಾಯಿತು.

ಜೊತೆಗೆ ಭಾವ ಇದ್ದರು. ಅವರು ಚಿತ್ರಗಳನ್ನು ನೋಡಿದ್ದಕ್ಕಿಂತ ಪಕ್ಕದ ಚೀಟಿಗಳನ್ನು ಓದಿದ್ದೇ ಹೆಚ್ಚು. ಕೆಮ್ಮಣ್ಣಿನ ಬಣ್ಣದ ಒಂದು ದೊಡ್ಡ ಅಮೂರ್ತ ಚಿತ್ರದೆದುರು ನನ್ನ ಕಾಲು ತಾನಾಗಿ ನಿಂತಾಗ, ಬೆನ್ನ ಹಿಂದಿನಿಂದ ಪ್ರಶ್ನೆ ಬಂತು: 'ಇದೂ ಒಂದು ಕಲೆಯಾ ಮಾರಾಯ?' ಮುಂದಿನ ಕೋಣೆಯಲ್ಲೂ ಅದೇ ಪ್ರಶ್ನೆ. ಮಹಡಿ ಮೆಟ್ಟಿಲ ಮೇಲೂ ಅದೇ.

ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಬೇರ್ಪಡಿಸಲು ಅರ್ಧ ದಿನ ತಾಳ್ಮೆಯಿಂದ ಕೂರುವ ಮನುಷ್ಯ, ಒಂದು ಚಿತ್ರಕ್ಕೆ ಅರ್ಧ ನಿಮಿಷ ಕೊಡಲಾರರು ಎಂದರೆ ಏನು ಹೇಳೋಣ!

ಸಮಕಾಲೀನ ಕಲೆಯ ಹೆಸರಿನಲ್ಲಿ ಮೋಸವೂ ನಡೆಯುತ್ತದೆ ಎಂದು ಕೆಲವು ಸ್ನೇಹಿತರು ಈಗಲೇ ಟೈಪ್ ಮಾಡಲು ಶುರು ಮಾಡಿರಬಹುದು. ನಡೆಯಲಿ. ಕವಿಗೋಷ್ಠಿಗಳ ಅಧ್ಯಕ್ಷತೆ ವಹಿಸಿ ಸೊಂಟ ಹಿಡಿಸಿಕೊಂಡವನು ನಾನು. ಅಲ್ಲಿ ಕೇಳಿದ್ದನ್ನೆಲ್ಲ ನೆನೆದು ಕಾವ್ಯವೇ ಮೋಸವೆಂದು ಇದುವರೆಗೆ ಯಾರ ಬಳಿಯೂ ಹೇಳಿಲ್ಲ.

ರಾತ್ರಿ ರೈಲಿನಲ್ಲಿ ವಾಪಸ್ಸು ಬರುವಾಗ ಭದ್ರಾವತಿ ನಿಲ್ದಾಣದಲ್ಲಿ ಭಾವನಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಆ ಊರಿನಲ್ಲೇ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರ ಕೃತಿ ಅದು. ಚಿತ್ರಕಲೆ ಕಲಿತ ಅವರು 1990ರ ದಶಕದ ಆರಂಭದಲ್ಲಿ ಸೆಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಸೂಜಿ ಪೋಣಿಸಿ ಕುಂಕುಮ ಬಳಿದ ದಾರ, ಡಾಂಬರಿನ ಡ್ರಮ್ಮು. 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ, ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗವನ್ನು ಸುಮಾರು ನಾಲ್ಕು ಕಿಲೋಮೀಟರಿನಷ್ಟು ಬಳಸಿ, ಅದರಿಂದ ಕಾರಿನ ಬಂಪರುಗಳನ್ನು ತೂಗುಬಿಟ್ಟಿದ್ದರು. ಈಗ ಅದು ಲಂಡನ್ನಿನ ಟೇಟ್ ಎಂಬ ಕಲಾ ಸಂಗ್ರಹಾಲಯದಲ್ಲಿದೆ. ಅದೇ ಜಿಲ್ಲೆಯವನಾದ ನನಗೆ ಫೋಟೊ ಮಾತ್ರ. ಭಾವ ಬಹಳ ಹೊತ್ತು ನೋಡಿ, 'ಬಂಪರಿನ ಭಾರ ಕೂದಲು ತಡೆಯುತ್ತದಾ?' ಎಂದರು. ಇಡೀ ದಿನದಲ್ಲಿ ಅವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ.

ನಿಜ ಹೇಳಬೇಕೆಂದರೆ, ನನ್ನ ಸಿಟ್ಟು ಪೂರ್ತಿಯಾಗಿ ಭಾವನ ಮೇಲಿನದ್ದಲ್ಲ. ನಾನು ಕತೆ ಬರೆಯದೆ ಎರಡು ವರ್ಷವಾಯಿತೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ದೊಡ್ಡ ವಸ್ತುವೊಂದು ಸಿಗಲೆಂದು ಕಾಯುತ್ತಾ, ಬರೆದ ಮೊದಲ ಸಾಲಿಗೇ 'ಇದೂ ಒಂದು ಕತೆಯಾ?' ಎಂದು ಕೇಳಿಕೊಂಡು ಹಾಳೆ ಹರಿದದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಮಂಗಳವಾರ ಅಟ್ಟ ಹತ್ತಿ, ಅಡಿಕೆ ಕೊನೆ ಇಳಿಸುತ್ತಿದ್ದ ಹಳೆಯ ಹಗ್ಗವನ್ನು ತೆಗೆದೆ. ಮರ ಹತ್ತಿ ಗೊನೆ ಕೊಯ್ಯುತ್ತಿದ್ದ ನಮ್ಮ ತೋಟದ ಕೊನೆಗಾರ ಮಗನ ಜೊತೆ ಇರಲೆಂದು ಬೆಂಗಳೂರು ಸೇರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅವನ ಅಂಗೈ ಉಜ್ಜಿ ಉಜ್ಜಿ ಒಂದು ಮೊಳದಷ್ಟು ಭಾಗ ನುಣುಪಾಗಿ ಕಪ್ಪಾಗಿತ್ತು. ಹಗ್ಗವನ್ನು ಮೇಜಿನ ಮೇಲಿಟ್ಟುಕೊಂಡು ಆ ಒಂದು ಮೊಳದ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ.

ನಿನ್ನೆ ಭಾವ ಬಂದಿದ್ದರು. ಹಗ್ಗವನ್ನು ಎಳೆದು ನೋಡಿ, ಇನ್ನೂ ಗಟ್ಟಿಯಿದೆ ಎಂದರು. ಪುಟಗಳನ್ನು ಮಾತ್ರ ಪಂಚಾಂಗದ ಕೆಳಗೆ ಸರಿಸಿಟ್ಟೆ. ಆ ಪ್ರಶ್ನೆಯನ್ನು ಅವರ ಬಾಯಿಂದ ಇನ್ನೊಮ್ಮೆ ಕೇಳುವ ಧೈರ್ಯ ಈ ವಾರ ನನಗಿಲ್ಲ.